ಮೊಣಕಾಲು ಬಾಗುವುದು ಯಾರ ಮುಂದೆ?

ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ಹೋಗುವ ರೈಲು ಸಂಜೆಯ ಹೊತ್ತು ತುಂಬಿ ತುಳುಕುತ್ತದೆ. 2001ರ ಫೆಬ್ರವರಿ 28ರಂದು ಚಿನ್ನದ ಗಣಿ ಮುಚ್ಚಿದ ಮೇಲೆ ಕೆಜಿಎಫ್‌ನ ಜನ ಅನ್ನ ಹುಡುಕಿಕೊಂಡು ದಿನವೂ ಬೆಂಗಳೂರಿಗೆ ಹೋಗಿ ಬರುತ್ತಾರೆ. ಅಂಥದ್ದೊಂದು ಸಂಜೆ ನಮ್ಮ ಎದುರು ಸೀಟಿನಲ್ಲಿ ಒಬ್ಬ ವೃದ್ಧೆ ಕುಳಿತಿದ್ದರು. ಕೊರಳಲ್ಲಿ ಮರಿಯಮ್ಮನ ಪದಕ, ಕೈಯಲ್ಲಿ ಜಪಸರ. ಪಕ್ಕದಲ್ಲಿ ಕಂಕುಳಲ್ಲಿ ಬೈಬಲ್ ಇಟ್ಟುಕೊಂಡ ಯುವಕ, ಯಾವುದೋ ಪ್ರಾರ್ಥನಾ ಮಂದಿರಕ್ಕೆ ಸೇರಿದವನು. ಮಾತು ತಮಿಳಿನಲ್ಲಿ ನಡೆಯಿತು.

‘ಆಯಾ, ಆ ಬೊಮ್ಮೆಯ ಮುಂದೆ ಯಾಕೆ ಮೊಣಕಾಲೂರುತ್ತೀರಿ? ಬೈಬಲ್‌ನಲ್ಲಿ ಬೇಡ ಅಂತ ಬರೆದಿದೆಯಲ್ಲ’ ಎಂದ ಯುವಕ.

‘ತಂಬಿ, ನಿಮ್ಮ ಮನೆಯಲ್ಲಿ ನಿಮ್ಮಪ್ಪನ ಫೋಟೋ ಇದೆಯಾ?’

‘ಇದೆ.’

‘ಅದಕ್ಕೆ ಹಾರ ಹಾಕಿದ್ದೀಯಾ? ಆ ಫೋಟೋನೇ ನಿಮ್ಮಪ್ಪನಾ?’

ಯುವಕ ಒಂದು ಕ್ಷಣ ಸುಮ್ಮನಾದ. ಆಮೇಲೆ ಹೇಳಿದ: ‘ಹಾರ ಹಾಕ್ತೀನಿ ಆಯಾ. ಆದರೆ ಫೋಟೋ ಹತ್ತಿರ ನಿಂತು ನನಗೆ ಕೆಲಸ ಕೊಡಿಸು ಅಂತ ಕೇಳೋದಿಲ್ಲ.’

ಪ್ರಶ್ನೆಯೂ ಚೆನ್ನಾಗಿತ್ತು, ಮರುಪ್ರಶ್ನೆಯೂ ಚೆನ್ನಾಗಿತ್ತು. ಕೋರಮಂಡಲ್ ಸ್ಟೇಷನ್ ಬರುವಷ್ಟರಲ್ಲಿ ಇಬ್ಬರೂ ನಮ್ಮ ಟೋಪಿಯ ಕಡೆ ತಿರುಗಿದರು. ‘ಭಾಯ್, ನೀವು ಹೇಳಿ’ ಎಂದರು. ವಿಗ್ರಹದ ವಿಷಯದಲ್ಲಿ ಮುಸ್ಲಿಮನಿಗಿಂತ ದೊಡ್ಡ ನ್ಯಾಯಾಧೀಶ ಯಾರಿದ್ದಾನೆ ಎಂಬ ನಂಬಿಕೆ ಇಬ್ಬರ ಮುಖದಲ್ಲೂ ಇತ್ತು. ಅಂದು ನಮ್ಮ ಬಾಯಿಂದ ಉತ್ತರ ಬರಲಿಲ್ಲ. ಯುವಕನ ಪರ ತೀರ್ಪು ಕೊಡುವುದು ಸುಲಭವಿತ್ತು. ಆದರೆ ವರ್ಷಕ್ಕೊಮ್ಮೆ ಮುಳಬಾಗಿಲಿನ ಹೈದರ್ ವಲಿ ದರ್ಗಾಕ್ಕೆ ಹೋಗಿ ಹೊಸ್ತಿಲನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದ ನಮ್ಮ ಅಮ್ಮಿಯ ನೆನಪು ಅಡ್ಡ ಬಂತು. ‘ಇದು ಶಿರ್ಕ್’ ಎಂದು ಒಬ್ಬರು, ‘ಇದು ಅದಬ್’ ಎಂದು ಇನ್ನೊಬ್ಬರು ನಮ್ಮ ಮನೆಯ ನಡುಮನೆಯಲ್ಲೇ ಜಗಳವಾಡಿದ್ದನ್ನು ಕೇಳಿ ಬೆಳೆದವರು ನಾವು. ಅನ್ಯರ ಮೇಲೆ ವಿಗ್ರಹಾರಾಧನೆಯ ಆರೋಪ ಹೊರಿಸುವ ಮುನ್ನ ಅವರು ಅದನ್ನು ಏನೆಂದು ತಿಳಿದಿದ್ದಾರೆ ಎಂದು ವಿಚಾರಿಸುವುದು ನ್ಯಾಯ. ಈ ಬರಹ ಅಂಥ ಒಂದು ವಿಚಾರಣೆ.

ಆರೋಪ ಬಂದದ್ದು ಎಲ್ಲಿಂದ?

ಕೆಜಿಎಫ್‌ನಲ್ಲಿ ಈ ಜಗಳ ಹೊಸದಲ್ಲ. 1880ರಲ್ಲಿ ಜಾನ್ ಟೇಲರ್ ಕಂಪನಿ ಇಲ್ಲಿ ಕಾಲಿಟ್ಟ ಮೇಲೆ ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತ್ಯದಿಂದ ಗಣಿ ಕಸುಬು ಬಲ್ಲವರು ಬಂದರು. ಅವರಲ್ಲಿ ಮೆಥಡಿಸ್ಟರು ಬಹಳ. ಗೋಡೆ ಬರಿದಾಗಿರುವ ಪ್ರಾರ್ಥನಾಲಯ ಅವರದು. ಉತ್ತರ ಆರ್ಕಾಟ್, ಚಿತ್ತೂರು ಕಡೆಯಿಂದ ಬಂದ ಕಾರ್ಮಿಕರಲ್ಲಿ ಹೆಚ್ಚಿನವರು ದಲಿತರು. ಅವರಲ್ಲಿ ಕಥೋಲಿಕರೂ ಇದ್ದರು, ಪ್ರೊಟೆಸ್ಟಂಟರೂ ಇದ್ದರು. ಅಯೋತಿದಾಸ ಪಂಡಿತರ ಪ್ರಭಾವದಿಂದ ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿಯೇ ಮಾರಿಕುಪ್ಪಂನಲ್ಲಿ ಬೌದ್ಧ ಸಂಘ ಕಟ್ಟಿದವರೂ ಇದ್ದರು. ಮಸೀದಿಗಳೂ ಇದ್ದವು. ಒಂದೇ ಕೂಲಿ ಲೈನಿನ ಹತ್ತು ಗುಡಿಸಲಲ್ಲಿ ದೇವರ ಬಗೆಗಿನ ನಾಲ್ಕಾರು ವಾದಗಳು ಗೋಡೆಗೆ ಗೋಡೆ ತಾಗಿಕೊಂಡು ಬದುಕಿದವು. ಊರಾಚೆ ಕಮ್ಮಸಂದ್ರದ ಕೋಟಿಲಿಂಗೇಶ್ವರದಲ್ಲಿ 108 ಅಡಿಯ ಲಿಂಗ ಎದ್ದು ನಿಂತ ಮೇಲಂತೂ ಹೊರಗಿನಿಂದ ಬಂದವನ ಕಣ್ಣಿಗೆ ಎಲ್ಲವೂ ಒಂದೇ ಸಾಲಿನ ಸಂಗತಿಗಳು: ಅಲ್ಲಿ ಲಿಂಗ, ಇಲ್ಲಿ ಮಾತೆ, ಆಚೆ ಗೋರಿ.

ಒಂದೇ ಸಾಲಿನಲ್ಲಿ ನಿಲ್ಲಿಸುವುದು ಸುಲಭ. ಆದರೆ ದೇವಾಲಯದ ಮೂರ್ತಿಗೆ ಪ್ರಾಣಪ್ರತಿಷ್ಠೆ ಆಗುತ್ತದೆ. ದೇವತೆಯನ್ನು ಅದರೊಳಗೆ ಆವಾಹಿಸುತ್ತಾರೆ. ಆ ಶ್ರದ್ಧೆಗೆ ಅದರದೇ ತರ್ಕವಿದೆ, ಅದು ಇಲ್ಲಿಯ ಚರ್ಚೆಯಲ್ಲ. ಚರ್ಚಿನ ಪ್ರತಿಮೆಗೆ ಪಾದ್ರಿ ಆಶೀರ್ವಾದ ಮಾಡುತ್ತಾರೆ, ಆದರೆ ಅದರೊಳಗೆ ಯಾರೂ ಬಂದು ನೆಲೆಸುವುದಿಲ್ಲ. ತಮಿಳು ಕಥೋಲಿಕರು ತಮ್ಮ ಪ್ರತಿಮೆಯನ್ನು ‘ವಿಗ್ರಹಂ’ ಎನ್ನುವುದಿಲ್ಲ, ‘ಸೊರೂಪಂ’ ಎನ್ನುತ್ತಾರೆ. ನಮ್ಮ ವಚನಕಾರರು ಸ್ಥಾವರವನ್ನು ಬಿಟ್ಟು ಅಂಗೈಯಲ್ಲಿ ಇಷ್ಟಲಿಂಗ ಹಿಡಿದಾಗ ಅದನ್ನು ಕುರುಹು ಎಂದರಲ್ಲ, ಆ ಕನ್ನಡ ಪದ ಇಲ್ಲಿ ಸಹಾಯಕ್ಕೆ ಬರುತ್ತದೆ. ಕಥೋಲಿಕರು ಹೇಳುವುದು ಇಷ್ಟೇ: ಇದು ಕುರುಹು.

ಎಣಿಕೆಯ ಜಗಳ

ಪ್ರಾರ್ಥನಾ ಮಂದಿರದ ಯುವಕರು ಕಥೋಲಿಕರ ಮೇಲೆ ಹೊರಿಸುವ ಮೊದಲ ದೂರು, ‘ನೀವು ಎರಡನೆಯ ಆಜ್ಞೆಯನ್ನೇ ಕದ್ದಿದ್ದೀರಿ’ ಎಂಬುದು. ಹಜ್ರತ್ ಮೂಸಾ(ಅ)ರಿಗೆ ಬಂದ ಹತ್ತು ಆಜ್ಞೆಗಳಲ್ಲಿ ಅನ್ಯ ದೇವರು ಬೇಡ ಎಂಬುದು ಒಂದನೆಯದು, ಕೆತ್ತಿದ ರೂಪ ಬೇಡ ಎಂಬುದು ಎರಡನೆಯದು ಎಂದು ಹೆಚ್ಚಿನ ಪ್ರೊಟೆಸ್ಟಂಟರು ಎಣಿಸುತ್ತಾರೆ. ಕಥೋಲಿಕರು ಸಂತ ಅಗಸ್ಟಿನರ ಎಣಿಕೆಯಂತೆ ಎರಡನ್ನೂ ಒಂದೇ ಆಜ್ಞೆಯಾಗಿ ಓದುತ್ತಾರೆ; ಕೊನೆಯಲ್ಲಿ ಪರರ ಹೆಂಡತಿಯ ಆಸೆಯನ್ನೂ ಪರರ ಸೊತ್ತಿನ ಆಸೆಯನ್ನೂ ಬೇರೆ ಬೇರೆ ಮಾಡಿ ಹತ್ತನ್ನು ಪೂರೈಸುತ್ತಾರೆ. ಕದ್ದದ್ದೇನೂ ಇಲ್ಲ. ಲೂಥರನ್ನರೂ ಹೀಗೆಯೇ ಎಣಿಸುತ್ತಾರೆ ಎಂಬುದು ದೂರುವವರಿಗೆ ಸಾಮಾನ್ಯವಾಗಿ ಗೊತ್ತಿರುವುದಿಲ್ಲ.

ಆದರೆ ಎರಡನ್ನೂ ಕೂಡಿಸಿ ಓದಿದಾಗ ಅರ್ಥ ಸ್ವಲ್ಪ ಹೊರಳುತ್ತದೆ. ರೂಪದ ನಿಷೇಧ ತಾನೇ ಒಂದು ಬೇರೆ ಕಾನೂನಾಗಿ ಉಳಿಯದೆ, ಅನ್ಯ ದೇವರ ನಿಷೇಧದ ವಿವರಣೆಯಾಗುತ್ತದೆ. ಅಂದರೆ ತಪ್ಪು ಇರುವುದು ಕೆತ್ತುವುದರಲ್ಲಲ್ಲ, ಕೆತ್ತಿದ್ದನ್ನು ದೇವರ ಜಾಗದಲ್ಲಿ ಕೂರಿಸುವುದರಲ್ಲಿ. ಇದಕ್ಕೆ ಅವರು ತೋರಿಸುವ ಸಾಕ್ಷಿ ಅದೇ ತೌರಾತ್‌ನಲ್ಲಿದೆ. ಪವಿತ್ರ ಮಂಜೂಷದ ಮೇಲೆ ಚಿನ್ನದ ಕೆರೂಬಿಗಳನ್ನು ಮಾಡಲು ದೇವರೇ ಆಜ್ಞಾಪಿಸಿದ. ಮರುಭೂಮಿಯಲ್ಲಿ ಹಾವು ಕಚ್ಚಿದವರು ನೋಡಿ ಬದುಕಲೆಂದು ಕಂಚಿನ ಸರ್ಪವನ್ನು ಎತ್ತಿ ನಿಲ್ಲಿಸಲು ಮೂಸಾರಿಗೆ ಹೇಳಿದವನೂ ಅವನೇ.

ಈ ಕಂಚಿನ ಸರ್ಪದ ಕಥೆಯನ್ನು ಅರ್ಧಕ್ಕೆ ನಿಲ್ಲಿಸಬಾರದು. ಶತಮಾನಗಳ ನಂತರ ಜನ ಅದಕ್ಕೆ ಧೂಪ ಹಾಕತೊಡಗಿದರು. ಆಗ ಯೆಹೂದದ ಅರಸ ಹಿಜ್ಕೀಯ ಅದನ್ನು ಚೂರುಚೂರು ಮಾಡಿದ. ಬೈಬಲ್ ಅವನನ್ನು ಈ ಕೆಲಸಕ್ಕಾಗಿ ಮೆಚ್ಚುತ್ತದೆ. ದೇವರ ಆಜ್ಞೆಯಿಂದ ಆದ ವಸ್ತುವೇ ಮುಂದೊಂದು ದಿನ ವಿಗ್ರಹವಾಗಬಹುದು. ಕಂಚು ಅದೇ, ಸರ್ಪ ಅದೇ, ಬದಲಾದದ್ದು ನೋಡುವ ಮನಸ್ಸು. ನಮ್ಮ ದೃಷ್ಟಿಯಲ್ಲಿ ಈ ಇಡೀ ವಾಗ್ವಾದದ ಕೀಲಿಕೈ ಇಲ್ಲಿದೆ. ಕಥೋಲಿಕರು ಕಥೆಯ ಮೊದಲ ಅರ್ಧವನ್ನು, ಅವರ ಟೀಕಾಕಾರರು ಎರಡನೆಯ ಅರ್ಧವನ್ನು ಹಿಡಿದುಕೊಂಡಿದ್ದಾರೆ.

ಒಂದು ಪದದ ಭಾಷಾಂತರ

ಕ್ರೈಸ್ತ ಲೋಕದಲ್ಲಿ ಈ ಜಗಳ ರಕ್ತಪಾತದವರೆಗೂ ಹೋಗಿತ್ತು. ಎಂಟನೆಯ ಶತಮಾನದಲ್ಲಿ ಬೈಜಾಂಟೀನ್ ಚಕ್ರವರ್ತಿ ಮೂರನೆಯ ಲಿಯೋ ಚಿತ್ರಗಳನ್ನು ಒಡೆಸಲು ಹೊರಟ. ಆಗ ಚಿತ್ರಗಳ ಪರವಾಗಿ ಅತ್ಯಂತ ಸಮರ್ಥವಾದ ವಾದ ಬರೆದವರು ದಮಾಸ್ಕಸ್‌ನ ಯೋಹಾನ. ಇವರ ಮನೆತನ ಉಮಯ್ಯಾ ಖಲೀಫರ ಆಡಳಿತದಲ್ಲಿ ಕಂದಾಯದ ಕೆಲಸ ನೋಡಿಕೊಂಡಿತ್ತು. ಕ್ರೈಸ್ತ ಚಕ್ರವರ್ತಿಯ ಕೈ ಅವರನ್ನು ಮುಟ್ಟಲಾಗಲಿಲ್ಲ, ಏಕೆಂದರೆ ಅವರಿದ್ದದ್ದು ಮುಸ್ಲಿಮರ ರಾಜ್ಯದಲ್ಲಿ. ಚಿತ್ರಗಳ ಪರವಾದ ಕ್ರೈಸ್ತ ವಾದ ಇಸ್ಲಾಮೀ ಆಳ್ವಿಕೆಯ ನೆರಳಿನಲ್ಲಿ ಬರೆಯಲ್ಪಟ್ಟಿತು ಎಂಬ ಸಂಗತಿಯನ್ನು ಅವರೂ ನಾವೂ ಅಪರೂಪಕ್ಕೆ ನೆನೆಯುತ್ತೇವೆ.

787ರಲ್ಲಿ ನೈಸಿಯಾದಲ್ಲಿ ಸೇರಿದ ಎರಡನೆಯ ಮಹಾಸಭೆ ವಿವಾದಕ್ಕೆ ತೀರ್ಪು ಕೊಟ್ಟಿತು. ಅದು ಗ್ರೀಕ್‌ನ ಎರಡು ಪದಗಳನ್ನು ಬೇರೆ ಮಾಡಿತು. ‘ಲಾತ್ರೇಯಾ’ ಅಂದರೆ ದೇವನೊಬ್ಬನಿಗೆ ಮಾತ್ರ ಸಲ್ಲುವ ಆರಾಧನೆ. ‘ಪ್ರೊಸ್ಕಿನೇಸಿಸ್’ ಅಂದರೆ ಬಾಗಿ ತೋರುವ ಗೌರವ. ಚಿತ್ರಕ್ಕೆ ಎರಡನೆಯದು ಸಲ್ಲಬಹುದು, ಮೊದಲನೆಯದು ಸಲ್ಲದು. ಚಿತ್ರಕ್ಕೆ ಕೊಟ್ಟ ಗೌರವ ಚಿತ್ರದಲ್ಲಿ ನಿಲ್ಲದೆ, ಅದು ಯಾರದೋ ಅವರಿಗೆ ತಲುಪುತ್ತದೆ. ತೀರ್ಪಿನ ಸಾರ ಇಷ್ಟು. ಮುಂದೆ ನಡೆದದ್ದು ಕಥೆ ಬರೆಯುವವರೆಲ್ಲ ಕೇಳಬೇಕಾದ ಸಂಗತಿ. ಸಭೆಯ ನಡಾವಳಿಯನ್ನು ಲ್ಯಾಟಿನ್‌ಗೆ ತಂದವರು ಎರಡನೆಯ ಪದಕ್ಕೂ ‘ಆರಾಧನೆ’ ಎಂಬ ಅರ್ಥ ಬರುವ ಪದವನ್ನೇ ಹಾಕಿಬಿಟ್ಟರು. ಅದನ್ನು ಓದಿದ ಚಕ್ರವರ್ತಿ ಶಾರ್ಲ್‌ಮೇನನ ಪಂಡಿತರು ‘ಚಿತ್ರಗಳನ್ನು ಆರಾಧಿಸಬೇಕೆ?’ ಎಂದು ಕೆರಳಿದರು. 794ರಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ಸಭೆ ಸೇರಿ ಖಂಡಿಸಿದರು. ಒಂದು ಪದದ ತಪ್ಪು ಭಾಷಾಂತರ ಎರಡು ನಾಡುಗಳ ಕ್ರೈಸ್ತರನ್ನು ಪರಸ್ಪರ ಎತ್ತಿಕಟ್ಟಿತು.

ಉರ್ದು ಮತ್ತು ಕನ್ನಡ ಎರಡನ್ನೂ ಓದಿ ಬೆಳೆದವರಿಗೆ ಈ ತಪ್ಪು ಪರಿಚಿತ. ಇಬಾದತ್ ಬೇರೆ, ತಾಜೀಮ್ ಬೇರೆ. ಕನ್ನಡದಲ್ಲಿ ನಾವು ಎರಡಕ್ಕೂ ‘ಪೂಜೆ’ ಎಂದುಬಿಡುತ್ತೇವೆ. ಕನ್ನಡ ಕಥೋಲಿಕರು ತಮ್ಮ ಪ್ರಧಾನ ಆರಾಧನೆಯನ್ನೇ ‘ಬಲಿಪೂಜೆ’ ಎನ್ನುತ್ತಾರೆ. ಹೊರಗಿನವನು ಅದನ್ನು ಕೇಳಿ ಪ್ರತಿಮೆಗೆ ನಡೆಯುವ ಪೂಜೆ ಎಂದು ತಿಳಿದರೆ ಅವನ ತಪ್ಪೇನು? ತಮಿಳಿನಲ್ಲಿ ಗೊಂದಲ ಕಡಿಮೆ. ದೇವರಿಗೆ ‘ಆರಾಧನೈ’, ಮಾತೆಗೂ ಸಂತರಿಗೂ ‘ವಣಕ್ಕಂ’. ರೈಲಿನ ಆ ವೃದ್ಧೆ ನೈಸಿಯಾದ ಹೆಸರನ್ನು ಕೇಳಿರಲಾರರು. ಆದರೆ ಅವರ ಮನೆಮಾತಿನಲ್ಲಿ ಆ ತೀರ್ಪು ಜೀವಂತವಾಗಿದೆ.

ನಮ್ಮಲ್ಲಿಯೂ ಈ ಭೇದ ಇಲ್ಲದಿಲ್ಲ. ಮಲಕುಗಳು ಹಜ್ರತ್ ಆದಮ್(ಅ)ರಿಗೆ, ಸಹೋದರರು ಹಜ್ರತ್ ಯೂಸುಫ್(ಅ)ರಿಗೆ ಮಾಡಿದ ಸಜ್ದಾ ಇಬಾದತ್‌ನದಲ್ಲ, ತಾಜೀಮ್‌ನದು ಎಂದು ನಮ್ಮ ಉಲೇಮಾಗಳು ವಿವರಿಸಿದ್ದಾರೆ. ಹಜ್ರೆ ಅಸ್ವದ್‌ಗೆ ಮುತ್ತಿಡುತ್ತ ಹಜ್ರತ್ ಉಮರ್(ರ) ಆಡಿದ ಮಾತನ್ನು ಬಲ್ಲದವರು ಯಾರು? ನೀನು ಲಾಭವನ್ನಾಗಲಿ ನಷ್ಟವನ್ನಾಗಲಿ ಮಾಡಲಾರದ ಕಲ್ಲು, ಪ್ರವಾದಿ(ಸ)ಯವರು ಮುತ್ತಿಟ್ಟುದನ್ನು ಕಾಣದಿದ್ದರೆ ನಾನು ಮುತ್ತಿಡುತ್ತಿರಲಿಲ್ಲ ಎಂಬ ಅರ್ಥದ ಮಾತು ಅದು. ಕಾಬಾದ ಕಡೆ ತಿರುಗಿ ಬಾಗುವ ನಮ್ಮನ್ನು ‘ಇವರೂ ಕಲ್ಲಿಗೇ ಬಾಗುತ್ತಾರೆ’ ಎಂದು ಯಾರಾದರೂ ಹಂಗಿಸಿದಾಗ ಎಷ್ಟು ನೋವಾಗುತ್ತದೆ ಎಂಬುದೂ ನಮಗೆ ಗೊತ್ತು. ಇನ್ನು ಉರ್ದು ಗಜಲ್? ಅಲ್ಲಿ ಪ್ರಿಯತಮೆಯೇ ಬುತ್, ಪ್ರಿಯತಮೆಯೇ ಸನಮ್. ಮೀರ್, ಗಾಲಿಬ್ ಇಬ್ಬರೂ ಹಾಗೆ ಕರೆದವರು. ಆ ಪದದ ಮೇಲೆ ಅವರನ್ನು ಮುಶ್ರಿಕ್ ಎಂದು ತೀರ್ಮಾನಿಸುವಷ್ಟು ಮುಗ್ಧರು ನಾವಲ್ಲ. ಪದದ ಹಿಂದಿನ ಇಂಗಿತವನ್ನು ನೋಡುತ್ತೇವೆ. ಆ ಉದಾರತೆಯನ್ನು ನೆರೆಮನೆಯವರಿಗೂ ತೋರಿಸಬೇಕಲ್ಲವೇ?

ಕೆಂಪು ದೀಪದ ಪೆಟ್ಟಿಗೆ

ಪುಸ್ತಕದ ಮಾತನ್ನು ಕಣ್ಣಾರೆ ಪರೀಕ್ಷಿಸಲು ನಾವು ಒಂದು ಮಧ್ಯಾಹ್ನ ಚಾಂಪಿಯನ್ ರೀಫ್ಸ್‌ನ ವಿಜಯ ಮಾತೆಯ ಚರ್ಚಿನಲ್ಲಿ ಹಿಂದಿನ ಬೆಂಚಿನಲ್ಲಿ ಕುಳಿತಿದ್ದೆವು. ಹೊರಗಿನವನ ಕಣ್ಣು ಮೊದಲು ಹೋಗುವುದು ಪ್ರತಿಮೆಗಳ ಕಡೆಗೆ. ಬಣ್ಣ, ಹೂವು, ಮೇಣದಬತ್ತಿ ಎಲ್ಲ ಅಲ್ಲಿಯೇ ಇರುವುದು. ಆದರೆ ಬಂದವರು ಏನು ಮಾಡುತ್ತಾರೆಂದು ನೋಡುತ್ತ ಕುಳಿತರೆ ಬೇರೊಂದು ಸಂಗತಿ ಕಾಣುತ್ತದೆ. ಒಳಗೆ ಬಂದವರು ಬಲ ಮೊಣಕಾಲನ್ನು ನೆಲಕ್ಕೆ ಮುಟ್ಟಿಸಿ ಎದ್ದು ಆಮೇಲೆ ಬೆಂಚಿಗೆ ಹೋಗುತ್ತಾರೆ. ಆ ಮೊಣಕಾಲು ಬಾಗುವುದು ಮಾತೆಯ ಕಡೆಗಲ್ಲ, ಸಂತರ ಕಡೆಗೂ ಅಲ್ಲ. ಸಣ್ಣದೊಂದು ಮುಚ್ಚಿದ ಪೆಟ್ಟಿಗೆಯ ಕಡೆಗೆ. ಅದರ ಬಳಿ ಒಂದು ಕೆಂಪು ದೀಪ ಸದಾ ಉರಿಯುತ್ತದೆ. ಪೆಟ್ಟಿಗೆಯೊಳಗಿರುವುದು ಪರಮಪ್ರಸಾದ, ಅಂದರೆ ಬಲಿಪೂಜೆಯಲ್ಲಿ ಅರ್ಪಿತವಾದ ತೆಳು ರೊಟ್ಟಿ. ಅದು ಬರಿಯ ಕುರುಹಲ್ಲ, ಯೇಸುವೇ ಎಂಬುದು ಕಥೋಲಿಕರ ನಂಬಿಕೆ. ಆದ್ದರಿಂದ ‘ಲಾತ್ರೇಯಾ’ ಸಲ್ಲುವುದು ಅಲ್ಲಿಗೆ. ಮರಿಯಮ್ಮನ ಪ್ರತಿಮೆ ಎಷ್ಟೇ ಎತ್ತರವಿರಲಿ, ಅದಕ್ಕೆ ಆ ಮಟ್ಟವಿಲ್ಲ.

ಅಂದರೆ ಅವರು ಆರಾಧಿಸುವ ವಸ್ತುವಿಗೆ ಮೂಗು, ಕಣ್ಣು, ಕೈಕಾಲುಗಳಿಲ್ಲ. ಮೂಗು ಕಣ್ಣುಗಳಿರುವುದನ್ನು ಅವರು ಆರಾಧಿಸುವುದಿಲ್ಲ. ವಿಗ್ರಹಾರಾಧಕರೆಂದು ಅವರನ್ನು ದೂರುವವರು ಪ್ರತಿಮೆಯನ್ನು ದಿಟ್ಟಿಸುತ್ತ ಪೆಟ್ಟಿಗೆಯನ್ನು ಕಾಣದೆ ಹೊರಡುತ್ತಾರೆ. 2008ರ ಸೆಪ್ಟೆಂಬರ್ 14ರಂದು ಮಂಗಳೂರಿನ ಮಿಲಾಗ್ರಿಸ್ ಬಳಿಯ ಆರಾಧನಾ ಮಠದ ಮೇಲೆ ದಾಳಿ ನಡೆದಾಗ ಶಿಲುಬೆಯೂ ಮುರಿಯಿತು, ಪರಮಪ್ರಸಾದದ ಪೆಟ್ಟಿಗೆಯೂ ಒಡೆಯಿತು. ಎರಡೂ ಅಪರಾಧಗಳೇ. ಆದರೆ ಕಥೋಲಿಕರ ಎದೆಗೆ ಹೆಚ್ಚು ಆಳವಾಗಿ ನಾಟಿದ್ದು ಎರಡನೆಯದು. ಹೊರಗಿನವರಾದ ನಮಗೆ ಅದೇಕೆಂದು ಆಗ ಅರ್ಥವಾಗಿರಲಿಲ್ಲ.

ಈ ವಿಂಗಡಣೆ ಎಲ್ಲೆಡೆ ಇಷ್ಟು ಶುಭ್ರವಾಗಿದೆ ಎಂದು ಹೇಳಿದರೆ ತಪ್ಪಾದೀತು. ಶುಭ ಶುಕ್ರವಾರದ ಆರಾಧನೆಯಿಂದ ಪಾಸ್ಕ ಜಾಗರಣೆಯವರೆಗೆ ಅವರು ಶಿಲುಬೆಯ ಮುಂದೆಯೂ ಮೊಣಕಾಲು ಬಾಗಿಸುತ್ತಾರೆ. ಹದಿಮೂರನೆಯ ಶತಮಾನದ ಥಾಮಸ್ ಅಕ್ವಿನಾಸ್ ಅವರಂಥ ದೊಡ್ಡ ಪಂಡಿತರು, ಕ್ರಿಸ್ತನ ಚಿತ್ರವನ್ನು ಚಿತ್ರವಾಗಿ ನೋಡಿದಾಗ ಅದಕ್ಕೆ ಕ್ರಿಸ್ತನಿಗೆ ಸಲ್ಲುವ ಆರಾಧನೆಯೇ ಸಲ್ಲುತ್ತದೆ ಎಂದು ವಾದಿಸಿದ್ದಾರೆ. ನೈಸಿಯಾದ ಎಚ್ಚರಿಕೆಯ ಮಾತಿಗೂ ಇದಕ್ಕೂ ಹೊಂದಿಸಲು ಕಥೋಲಿಕ ವಿದ್ವಾಂಸರೇ ಬಹಳ ಬೆವರು ಹರಿಸಿದ್ದಾರೆ.

ಜಗಳ ಇರುವ ಜಾಗ

ಹಾಗಾದರೆ ನಮಗೂ ಅವರಿಗೂ ಭಿನ್ನಾಭಿಪ್ರಾಯವೇ ಇಲ್ಲವೇ? ಇದೆ, ಅದನ್ನು ಮುಚ್ಚಿಡುವುದು ಸೌಹಾರ್ದವಲ್ಲ. ಕುರ್‌ಆನಿನ ಸೂರಃ ನೂಹ್‌ನಲ್ಲಿ ವದ್ದ್, ಸುವಾಅ್, ಯಗೂಸ್, ಯಊಕ್, ನಸ್ರ್ ಎಂಬ ಐದು ಹೆಸರುಗಳಿವೆ. ಇಬ್ನು ಅಬ್ಬಾಸ್(ರ)ರ ವಿವರಣೆಯಂತೆ ಅವರು ಒಂದು ಕಾಲದ ಸಜ್ಜನರು. ಅವರು ತೀರಿಕೊಂಡ ಮೇಲೆ ಜನ ನೆನಪಿಗಾಗಿ ಅವರ ರೂಪಗಳನ್ನು ನಿಲ್ಲಿಸಿದರು. ನೆನಪಿಟ್ಟವರು ಸತ್ತರು, ಜ್ಞಾನ ಅಳಿಯಿತು, ಮೊಮ್ಮಕ್ಕಳು ಆ ರೂಪಗಳನ್ನೇ ಆರಾಧಿಸಿದರು. ಇಸ್ಲಾಮಿನ ಭಯ ಇದು. ಮೊದಲ ತಲೆಮಾರಿನ ಉದ್ದೇಶದ ಮೇಲೆ ಅದಕ್ಕೆ ಅನುಮಾನವಿಲ್ಲ, ಮೂರನೆಯ ತಲೆಮಾರಿನ ಮರೆವಿನ ಮೇಲೆ ಅನುಮಾನ. ಆದ್ದರಿಂದ ಅದು ದಾರಿಯನ್ನೇ ಮುಚ್ಚುತ್ತದೆ. ತಾಜೀಮ್‌ನ ಸಜ್ದಾವನ್ನು ಕೂಡ ನಮ್ಮ ಶರೀಅತ್ ಮನುಷ್ಯರಿಗೆ ನಿಷೇಧಿಸಿತು. ಕಥೋಲಿಕರು ದಾರಿಯನ್ನು ತೆರೆದಿಟ್ಟು ಅಂಚಿನಲ್ಲಿ ಎಚ್ಚರಿಕೆಯ ಫಲಕ ನೆಡುತ್ತಾರೆ. ನಮ್ಮ ಮಟ್ಟಿಗೆ ಹೇಳುವುದಾದರೆ ದಾರಿ ಮುಚ್ಚುವುದೇ ಕ್ಷೇಮ.

ಅವರು ತೆರೆದಿಡುವುದಕ್ಕೆ ಕಾರಣವೂ ಇದೆ. ಅದೃಶ್ಯನಾದ ದೇವರು ಯೇಸುವಿನಲ್ಲಿ ಕಣ್ಣಿಗೆ ಕಾಣುವಂತಾದ, ಕಂಡದ್ದನ್ನು ಬರೆಯಬಹುದು ಎಂಬುದು ದಮಾಸ್ಕಸ್‌ನ ಯೋಹಾನರ ವಾದದ ಬುನಾದಿ. ನಾವು ಹಜ್ರತ್ ಈಸಾ(ಅ)ರನ್ನು ಪ್ರವಾದಿಯೆಂದು ನಂಬುತ್ತೇವೆ, ಅವತರಿಸಿದ ದೇವರೆಂದಲ್ಲ. ಆದ್ದರಿಂದ ನಮ್ಮ ನಿಜವಾದ ಭಿನ್ನಾಭಿಪ್ರಾಯ ಪ್ರತಿಮೆಯ ಬಗ್ಗೆ ಅಲ್ಲವೇ ಅಲ್ಲ; ಈಸಾ ಯಾರು ಎಂಬುದರ ಬಗ್ಗೆ. ಅದು ಗಂಭೀರವಾದ, ಗೌರವದಿಂದ ನಡೆಸಬೇಕಾದ ಚರ್ಚೆ. ಅದನ್ನು ಬಿಟ್ಟು ‘ಬೊಮ್ಮೆ’ ಎಂದು ಹಂಗಿಸುವುದು ಚರ್ಚೆಯಿಂದ ತಪ್ಪಿಸಿಕೊಳ್ಳುವ ಉಪಾಯ.

ಹಾಗೆಯೇ ರೈಲಿನ ಯುವಕನ ಮರುಪ್ರಶ್ನೆಯೂ ಪ್ರತಿಮೆಯದಲ್ಲ. ತೀರಿಹೋದ ಸಜ್ಜನರ ಬಳಿ ಬೇಡಬಹುದೇ ಎಂಬುದು ಅವನ ಪ್ರಶ್ನೆ. ಪ್ರತಿಮೆಯ ಬಳಿ ಬೇಡುವುದಿಲ್ಲ, ನಮಗಾಗಿ ದೇವರಲ್ಲಿ ಪ್ರಾರ್ಥಿಸಿರಿ ಎಂದು ಮರಿಯಮ್ಮನನ್ನು ಕೇಳುತ್ತೇವೆ ಎಂಬುದು ಕಥೋಲಿಕರ ಉತ್ತರ. ಇದು ನಮ್ಮ ಮನೆಗಳಲ್ಲಿ ವಸೀಲಾ, ತವಸ್ಸುಲ್ ಎಂಬ ಹೆಸರಿನಲ್ಲಿ ನಡೆಯುವ ಜಗಳ. ಪ್ರತಿಮೆ ತೆಗೆದುಹಾಕಿದರೂ ಈ ಪ್ರಶ್ನೆ ಉಳಿಯುತ್ತದೆ. ದರ್ಗಾಗಳಲ್ಲಿ ಪ್ರತಿಮೆಗಳಿಲ್ಲ, ಜಗಳ ಇದೆ.

ಅಬಿಸೀನಿಯಾದ ಚರ್ಚಿನಲ್ಲಿ ಕಂಡ ಚಿತ್ರಗಳ ಬಗ್ಗೆ ಉಮ್ಮು ಹಬೀಬಾ(ರ) ಮತ್ತು ಉಮ್ಮು ಸಲಮಾ(ರ) ಹೇಳಿದಾಗ ಪ್ರವಾದಿ(ಸ)ಯವರು ಅದನ್ನು ಕಟುವಾಗಿ ಖಂಡಿಸಿದ ಹದೀಸ್ ಇದೆ. ಆದರೆ ಅದೇ ಅಬಿಸೀನಿಯಾಕ್ಕೆ, ಅಲ್ಲಿಯ ಕ್ರೈಸ್ತ ದೊರೆಯ ನ್ಯಾಯದ ಮೇಲೆ ಭರವಸೆಯಿಟ್ಟು, 615ರ ಸುಮಾರಿಗೆ ತಮ್ಮ ಸಂಗಡಿಗರನ್ನು ಕಳಿಸಿದವರೂ ಪ್ರವಾದಿಯವರೇ. ಖಂಡಿಸಬೇಕಾದ್ದನ್ನು ಖಂಡಿಸುತ್ತ ನೆರೆಯವರಾಗಿ ಬಾಳಬಹುದು ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಮಾದರಿ ಬೇಕೆ? ಅನ್ಯರು ಮೊರೆಯಿಡುವವರನ್ನು ನಿಂದಿಸಬೇಡಿ ಎಂದು ಸೂರಃ ಅನ್‌ಆಮ್ ಸ್ಪಷ್ಟವಾಗಿ ತಡೆದಿದೆ.

ಕೇರಿಯ ಸತ್ಯ

ಇನ್ನು ಕಥೋಲಿಕರಿಗೆ ಕೇಳಬೇಕಾದ ಮಾತು. 1563ರ ಡಿಸೆಂಬರ್‌ನಲ್ಲಿ ಟ್ರೆಂಟ್ ಮಹಾಸಭೆ ತನ್ನ ಕೊನೆಯ ಅಧಿವೇಶನದಲ್ಲಿ ಪ್ರತಿಮೆಗಳನ್ನು ಉಳಿಸಿಕೊಳ್ಳಲು ಹೇಳಿತು. ಜೊತೆಗೆ ಮೂರು ಕಟ್ಟಳೆ ಹಾಕಿತು: ಪ್ರತಿಮೆಯಲ್ಲಿ ದೈವತ್ವವೋ ಶಕ್ತಿಯೋ ಇದೆಯೆಂದು ನಂಬಬಾರದು, ಪ್ರತಿಮೆಯನ್ನೇ ಬೇಡಬಾರದು, ಅದರ ಸುತ್ತ ಹಣದಾಸೆಯೂ ಹಬ್ಬದ ಹೆಸರಿನ ಕುಡಿತವೂ ಸೇರಬಾರದು. ಈ ಅಳತೆಗೋಲನ್ನು ಅವರೇ ಮಾಡಿಕೊಂಡದ್ದು. ಅದನ್ನು ಹಿಡಿದು ನೋಡಿದರೆ ಕೇರಿಯಲ್ಲಿ ಕಾಣುವುದೇನು? ‘ಈ ಊರಿನ ಮಾತೆಗಿಂತ ಆ ಊರಿನ ಮಾತೆಗೆ ಶಕ್ತಿ ಜಾಸ್ತಿ’ ಎಂಬ ಮಾತನ್ನು ನಾವು ಎಷ್ಟೋ ಸಲ ಕೇಳಿದ್ದೇವೆ. ಮರಿಯಮ್ಮ ಒಬ್ಬರೇ ಆದರೆ ಊರಿಂದೂರಿಗೆ ಶಕ್ತಿ ಹೆಚ್ಚುಕಡಿಮೆ ಆಗುವುದು ಹೇಗೆ? ಹಾಗೆಂದ ಕ್ಷಣದಲ್ಲಿ ಗೌರವ ಪ್ರತಿಮೆಯನ್ನು ದಾಟಿ ಹೋಗಲಿಲ್ಲ, ಅಲ್ಲೇ ನಿಂತಿತು. ಕಂಚಿನ ಸರ್ಪಕ್ಕೆ ಧೂಪ ಬಿದ್ದದ್ದು ಹೀಗೆಯೇ. ಪುಸ್ತಕ ಸರಿಯಿದೆ ಎಂಬ ಸಮಾಧಾನದಲ್ಲಿ ಗುರುಗಳು ಕೇರಿಯನ್ನು ನೋಡದೆ ಇರಬಾರದು. ದರ್ಗಾಗಳ ಮುಜಾವರರಿಗೂ ಇದೇ ಮಾತು ಅನ್ವಯಿಸುತ್ತದೆ.

ಆದರೆ ಕೇರಿಯಲ್ಲಿ ಇನ್ನೊಂದು ಸತ್ಯವೂ ಇದೆ, ಅದನ್ನು ಟ್ರೆಂಟ್‌ನ ಬಿಷಪ್ಪರು ಊಹಿಸಿರಲಾರರು. ಕೆಜಿಎಫ್‌ಗೆ ಬಂದ ದಲಿತ ಕಾರ್ಮಿಕರ ಹುಟ್ಟೂರುಗಳಲ್ಲಿ ದೇವರ ಗರ್ಭಗುಡಿ ಇರಲಿ, ಗುಡಿಯ ಬೀದಿಯೇ ಅವರಿಗೆ ಮುಚ್ಚಿತ್ತು. ತಮಿಳುನಾಡಿನ ಎಷ್ಟೋ ಚರ್ಚುಗಳಲ್ಲಿ ಕೂಡ ಅವರಿಗೆ ಬೇರೆ ಸಾಲು ಇತ್ತು ಎಂಬುದನ್ನು ಮರೆಯುವಂತಿಲ್ಲ. ಅಂಥವರು ಸೆಪ್ಟೆಂಬರ್ 8ರ ಹಬ್ಬದಲ್ಲಿ ಮಾತೆಯ ತೇರನ್ನು ತಮ್ಮ ಬೀದಿಯಲ್ಲಿ ತಾವೇ ಎಳೆದಾಗ, ಪ್ರತಿಮೆಯ ಪಾದವನ್ನು ತಮ್ಮ ಕೈಯಿಂದ ಮುಟ್ಟಿದಾಗ ಆಗುವುದು ಏನು? ಮುಟ್ಟಬಾರದವರೆಂದು ಕರೆಸಿಕೊಂಡವರಿಗೆ ಮುಟ್ಟಲು ಸಿಕ್ಕ ಒಂದು ಪಾದ ಅದು. ಇದನ್ನು ‘ಬುತ್‌ಪರಸ್ತಿ’ ಎಂಬ ಒಂದೇ ಪದದಲ್ಲಿ ಮುಗಿಸಲು ನಮಗೆ ಮನಸ್ಸಾಗುವುದಿಲ್ಲ.

ಚಿನ್ನದ ಊರಿನ ಕರು

ಕಥೋಲಿಕ ಧರ್ಮಸಭೆ 1992ರಲ್ಲಿ ಪ್ರಕಟಿಸಿದ ಧರ್ಮೋಪದೇಶ ಗ್ರಂಥದಲ್ಲಿ ವಿಗ್ರಹಾರಾಧನೆಯ ಬಗ್ಗೆ 2112ರಿಂದ 2114ರವರೆಗೆ ಮೂರು ಪರಿಚ್ಛೇದಗಳಿವೆ. ಪ್ರತಿಮೆಗಳ ವಿಷಯ ಬೇರೆಡೆ, 2129ರಿಂದ ಮುಂದೆ ಬರುತ್ತದೆ. ವಿಗ್ರಹಾರಾಧನೆಯ ಪರಿಚ್ಛೇದಗಳಲ್ಲಿ ಹೇಳಿರುವುದು ಇದು: ದೇವರ ಜಾಗದಲ್ಲಿ ಯಾವುದೇ 'ಸೃಷ್ಟಿ'ಯನ್ನು ಕೂರಿಸಿದರೂ ಅದು ವಿಗ್ರಹಾರಾಧನೆ, ಅಧಿಕಾರ, ಸುಖ, ಜನಾಂಗ, ಪೂರ್ವಜರು, ರಾಷ್ಟ್ರ, ಹಣ ಇವೆಲ್ಲ ಆ ಪಟ್ಟಿಯಲ್ಲಿವೆ. ಲೋಭವೇ ವಿಗ್ರಹಾರಾಧನೆ ಎಂದು ಪೌಲನ ಪತ್ರದಲ್ಲಿಯೂ ಇದೆ. ನಮ್ಮ ಕುರ್‌ಆನ್ ಎರಡು ಕಡೆ, ಸೂರಃ ಫುರ್ಕಾನ್ ಮತ್ತು ಸೂರಃ ಜಾಸಿಯಃಗಳಲ್ಲಿ, ತನ್ನ ಇಚ್ಛೆಯನ್ನೇ ಇಲಾಹ್ ಮಾಡಿಕೊಂಡ ಮನುಷ್ಯನ ಮಾತನ್ನಾಡುತ್ತದೆ. ಇಲ್ಲಿ ಎರಡೂ ಧರ್ಮಗಳು ಒಂದೇ ಧ್ವನಿಯಲ್ಲಿ ಮಾತನಾಡುತ್ತವೆ.

ಈ ಮಾತನ್ನು ಕೆಜಿಎಫ್‌ಗಿಂತ ಚೆನ್ನಾಗಿ ಬಲ್ಲ ಊರು ಬೇರೆ ಇರಲಾರದು. ಸಾಮಿರಿ ಬನೀ ಇಸ್ರಾಈಲರ ಒಡವೆಗಳನ್ನು ಕರಗಿಸಿ ಕರು ಮಾಡಿದ. ಇಲ್ಲಿ ನೂರಿಪ್ಪತ್ತು ವರ್ಷ ಮನುಷ್ಯರು ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದು 800 ಟನ್ನಿಗೂ ಮಿಕ್ಕಿ ಚಿನ್ನ ತೆಗೆದರು. ಬಂಡೆ ಸಿಡಿದು ಸತ್ತವರು ಸತ್ತರು. ಬದುಕಿ ಉಳಿದ ಎಷ್ಟೋ ಮಂದಿಯ ಶ್ವಾಸಕೋಶದಲ್ಲಿ ಕಲ್ಲಿನ ಧೂಳು ಕುಳಿತಿತು. ತೆಗೆದ ಚಿನ್ನ ಅವರ ಮನೆಗೆ ಬರಲಿಲ್ಲ. ಅದಿರು ಮುಗಿದ ಮೇಲೆ ಅವರಿಗೆ ಉಳಿದದ್ದು ಗಾಳಿ ಬೀಸಿದರೆ ಬೂದಿ ಹಾರುವ ಸಯನೈಡ್ ದಿಬ್ಬಗಳು. 2018ರಲ್ಲಿ ಆ ದಿಬ್ಬಗಳ ಮೇಲೆ ಸೆಟ್ ಹಾಕಿ ತೆಗೆದ ಸಿನಿಮಾ ದೇಶವಿಡೀ ಓಡಿತು. ಆ ತೆರೆಯ ಮೇಲೂ ಹೊಳೆದದ್ದು ಚಿನ್ನವೇ, ದಿಬ್ಬದ ಬುಡದಲ್ಲಿ ಕೆಮ್ಮುವವನಲ್ಲ. ಬಲಿ ಕೇಳಿದ್ದು, ಬಲಿ ಪಡೆದದ್ದು ಇಲ್ಲಿ ಯಾವ ಪ್ರತಿಮೆಯೂ ಅಲ್ಲ.

ನಮ್ಮ ಮನೆಗಳ ಕಡೆಗೂ ನೋಡಿಕೊಳ್ಳೋಣ. ಗೋಡೆಯ ಮೇಲೆ ಒಂದು ಚಿತ್ರವನ್ನೂ ತೂಗುಹಾಕದ ಎಷ್ಟೋ ಮುಸ್ಲಿಮ್ ಮನೆಗಳಲ್ಲಿ ಮಗಳ ನಿಕಾಹ್ ನಿಂತುಹೋಗಿರುವುದು ಇಷ್ಟು ತೊಲ ಚಿನ್ನ ಬೇಕು ಎಂಬ ಕೇಳಿಕೆಯಿಂದ. ಬುತ್ ಇಲ್ಲದ ಮನೆ ಎಂದು ಹೆಮ್ಮೆಪಡುವವರು ಈ ಕರುವನ್ನು ಯಾವ ಕೋಣೆಯಲ್ಲಿ ಕಟ್ಟಿದ್ದೇವೆ ಎಂದು ಕೇಳಿಕೊಳ್ಳಬೇಕು. ಹಜ್ರತ್ ಮೂಸಾ(ಅ) ಅದನ್ನು ಸುಟ್ಟು ಸಮುದ್ರಕ್ಕೆ ತೂರಿದರು. ನಾವು ಅದನ್ನು ಲಾಕರಿನಲ್ಲಿಟ್ಟಿದ್ದೇವೆ.

ರೈಲಿನ ಆ ಪ್ರಶ್ನೆಗೆ ತಡವಾದ ನಮ್ಮ ಉತ್ತರ ಇದು. ಆಯಾ, ನಮ್ಮ ದೀನ್‌ನಲ್ಲಿ ಪ್ರತಿಮೆಗೆ ಜಾಗವಿಲ್ಲ, ಅದರಲ್ಲಿ ನಮಗೆ ಸಂಶಯವೂ ಇಲ್ಲ. ಆದರೆ ನಿಮ್ಮ ಧರ್ಮ ಯಾವುದನ್ನು ವಿಗ್ರಹಾರಾಧನೆ ಎನ್ನುತ್ತದೋ ಅದನ್ನು ನೀವು ಮಾಡುತ್ತಿಲ್ಲ. ಪಕ್ಕದೂರಿನ ಮಾತೆಗೆ ಶಕ್ತಿ ಜಾಸ್ತಿ ಎನ್ನದಿದ್ದರೆ ಸಾಕು. ತಂಬಿ, ನಿನ್ನ ಪ್ರಶ್ನೆ ಒಳ್ಳೆಯದು, ಆದರೆ ಅದು ಬೊಮ್ಮೆಯ ಪ್ರಶ್ನೆಯಲ್ಲ. ಆಯಾ ಮೊಮ್ಮಗನಿಗೆ ಕೆಲಸ ಸಿಗಲಿ ಎಂದು ಮಾತೆಯ ಮುಂದೆ ನಿಂತರು, ನೀನು ನಿನಗೆ ಕೆಲಸ ಸಿಗಲಿ ಎಂದು ಕಣ್ಣುಮುಚ್ಚಿ ಪ್ರಾರ್ಥಿಸಿದೆ. ಗಣಿ ಮುಚ್ಚಿದ ಊರಿನಲ್ಲಿ ಇಬ್ಬರ ಬೇಡಿಕೆಯೂ ಒಂದೇ. ಆ ಸಂಜೆ ಮಾರಿಕುಪ್ಪಂನಲ್ಲಿ ಆಯಾ ಇಳಿಯುವಾಗ ಅವರ ಚೀಲವನ್ನು ಕೆಳಗಿಳಿಸಿ ಕೊಟ್ಟವನೂ ಅದೇ ಯುವಕ.